ಬರೋ ಸಭೆಯ ವೆಚ್ಚನಿರ್ಣಯ: ಅಧಿಕಾರ, ಕ್ರಮ, ಹೊಣೆ

೧

ಮನೆಯ ಯಜಮಾನನು ತನ್ನ ಗಳಿಕೆಯನ್ನು ತನ್ನ ಇಚ್ಛೆಯಂತೆ ವ್ಯಯಮಾಡಬಹುದು. ದೇವಸ್ಥಾನದ ಧರ್ಮದರ್ಶಿಯು ಹಾಗೆ ಮಾಡಲಾರನು. ಮೊದಲನೆಯವನ ಕೈಯಲ್ಲಿರುವುದು ತನ್ನ ಹಣ, ಎರಡನೆಯವನ ಕೈಯಲ್ಲಿರುವುದು ಪರರ ಹಣ. ಊರಿನ ಜನರು ಆರಿಸಿ ಕಳುಹಿಸಿದ ಪೌರಸಭೆಯ ಸದಸ್ಯನು ಈ ಇಬ್ಬರಲ್ಲಿ ಯಾರನ್ನು ಹೋಲುವನು? ಅವನು ವೆಚ್ಚಮಾಡುವ ಹಣವು ತೆರಿಗೆ ಕೊಟ್ಟವರದು. ಆದಕಾರಣ ಅವನು ಧರ್ಮದರ್ಶಿಯಂತೆ ಕಾಣುವನು. ಆದರೆ ಆ ಜನರೇ ಅವನ ಉದ್ದೇಶಗಳನ್ನು ತಿಳಿದು ಅವನಿಗೆ ಮತ ಕೊಟ್ಟಿರುವರು. ಆದಕಾರಣ ಅವರ ಇಚ್ಛೆಯನ್ನು ನಡೆಯಿಸುವ ಪ್ರತಿನಿಧಿಯಂತೆಯೂ ಕಾಣುವನು. ಈ ಎರಡು ಭಾವನೆಗಳೂ ಒಂದೇ ಪೀಠದ ಮೇಲೆ ಕುಳಿತಾಗ ವಿರೋಧವುಂಟಾಗುವುದು ಸಹಜವು.

ಇಂಗ್ಲೆಂಡಿನ ಬರೋ ಸಭೆಗಳ ಚರಿತ್ರೆಯಲ್ಲಿ ಈ ವಿರೋಧವು ಸ್ಪಷ್ಟವಾಗಿ ಕಾಣಬರುವುದು. ಅಲ್ಲಿಯ ಸಭೆಯು ಮಾಡುವ ಪ್ರತಿಯೊಂದು ವೆಚ್ಚಕ್ಕೂ ಮೂರು ಕಟ್ಟುಗಳಿವೆ. ಅಧಿಕಾರ ಕೊಟ್ಟ ಕಾನೂನು ಒಂದು, ನಿರ್ಣಯವನ್ನು ಮಾಡುವ ಕ್ರಮ ಎರಡನೆಯದು, ವೆಚ್ಚವಾದ ಮೇಲೆ ನಡೆಯುವ ಲೆಕ್ಕಪರಿಶೋಧನೆ ಮೂರನೆಯದು. ಜನರ ಮತದಿಂದ ಬಂದ ಇಚ್ಛೆಗೆ ಈ ಮೂರರ ನಡುವೆ ಉಳಿಯುವಷ್ಟೇ ಎಡೆಯಿರುವುದು. ಆ ಎಡೆಯು ಎಷ್ಟು ಅಗಲ ಎಂಬುದರ ಮೇಲೆಯೇ ಸ್ಥಳೀಯ ಸ್ವರಾಜ್ಯದ ಸತ್ತ್ವವು ನಿಂತಿದೆ.

೨

‘ಬರೋ’ ಎಂಬ ಶಬ್ದವು ಪ್ರಾಚೀನ ಇಂಗ್ಲಿಷಿನ ‘ಬುರ್ಹ್’ ಎಂಬುದರಿಂದ ಬಂದುದು. ಕೋಟೆಕೊತ್ತಲಗಳಿಂದ ರಕ್ಷಿತವಾದ ಸ್ಥಳವೆಂಬುದು ಅದರ ಮೂಲಾರ್ಥ. ಕಾಲಕ್ರಮದಲ್ಲಿ ಕೋಟೆಯೊಳಗಿನ ಪೇಟೆಗೂ, ಅರಸನಿಂದ ಸನ್ನದು ಪಡೆದು ತನ್ನ ಆಡಳಿತವನ್ನು ತಾನೇ ನಡೆಯಿಸುವ ಪಟ್ಟಣಕ್ಕೂ ಅದೇ ಹೆಸರಾಯಿತು. ಸನ್ನದು ಪಡೆದ ಪಟ್ಟಣಗಳಲ್ಲಿ ಅನೇಕವು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಕೆಲವು ಮನೆತನಗಳ ಸ್ವತ್ತಿನಂತಾಗಿದ್ದುವು. ಸ್ಥಾನ ತೆರವಾದರೆ ಉಳಿದ ಸದಸ್ಯರೇ ಹೊಸಬನನ್ನು ಆರಿಸಿಕೊಳ್ಳುತ್ತಿದ್ದರು. ಊರಿನ ಜನರಿಗೆ ಲೆಕ್ಕವನ್ನು ತೋರಿಸಬೇಕೆಂಬ ಕಟ್ಟುಪಾಡು ಸಾಮಾನ್ಯವಾಗಿ ಇರಲಿಲ್ಲ.

೧೮೩೫ನೆಯ ಇಸವಿಯ ಮುನಿಸಿಪಲ್ ಕಾರ್ಪೊರೇಷನುಗಳ ಕಾನೂನು ಈ ಸ್ಥಿತಿಯನ್ನು ಮಾರ್ಪಡಿಸಿತು. ೧೭೮ ಬರೋಗಳಲ್ಲಿ ತೆರಿಗೆ ಕೊಡುವವರು ಆರಿಸಿದ ಸಭೆಗಳು ಏರ್ಪಟ್ಟುವು. ಊರಿನ ಆದಾಯವೆಲ್ಲವೂ ಒಂದೇ ನಿಧಿಗೆ ಸೇರಬೇಕು, ಅದರಿಂದ ಮಾಡುವ ವೆಚ್ಚವು ಊರಿನ ಹಿತಕ್ಕಾಗಿಯೇ ಇರಬೇಕು, ಲೆಕ್ಕವು ಪರಿಶೋಧಿತವಾಗಿ ಪ್ರಕಟವಾಗಬೇಕು ಎಂಬ ನಿಯಮಗಳು ಆಗ ನೆಲೆಗೊಂಡುವು. ಹೀಗೆ ಸಭೆಯು ಚುನಾಯಿತವಾದುದೂ, ಅದರ ದ್ರವ್ಯವು ನ್ಯಾಸವೆಂಬ ಭಾವನೆ ಬಲಗೊಂಡುದೂ ಒಂದೇ ಕಾನೂನಿನಿಂದ. ಮೊದಲು ಹೇಳಿದ ಪ್ರತಿನಿಧಿ-ಧರ್ಮದರ್ಶಿಗಳ ವಿರೋಧದ ಬೀಜವು ಇಲ್ಲಿಯೇ ಇದೆ.

ಲಂಡನ್ ನಗರವು ೧೮೩೫ರ ಸುಧಾರಣೆಯ ಹೊರಗೆ ಉಳಿದಿತ್ತು. ೧೮೯೯ರ ಕಾನೂನು ಅಲ್ಲಿ ೨೮ ಮಹಾನಗರ ಬರೋಗಳನ್ನು ನಿರ್ಮಿಸಿತು. ೧೯೬೫ನೆಯ ಇಸವಿ ಏಪ್ರಿಲ್ ೧ರಂದು ಅವುಗಳ ಸ್ಥಾನದಲ್ಲಿಯೂ ಸುತ್ತಣ ಪ್ರದೇಶದಲ್ಲಿಯೂ ೩೨ ಲಂಡನ್ ಬರೋಗಳು ಬಂದುವು.

೩

ಬರೋ ಸಭೆಯಲ್ಲಿ ನಿರ್ಣಯವೆಂದರೆ ಸದಸ್ಯರ ಅಭಿಪ್ರಾಯವು ಮಾತ್ರವಲ್ಲ, ಗೊತ್ತಾದ ಮಾರ್ಗದಲ್ಲಿ ನಡೆದುಬಂದ ಅಭಿಪ್ರಾಯ. ಮುಂಬಯಿ ಕರ್ನಾಟಕದಲ್ಲಿ ಇದನ್ನು ‘ಠರಾವು’ ಎನ್ನುವ ವಾಡಿಕೆ. ಎಲ್ಲ ಸದಸ್ಯರೂ ಬೀದಿಯಲ್ಲಿ ಕಲೆತು ಒಮ್ಮತದಿಂದ ಆಡಿದ ಮಾತು ಠರಾವಾಗುವುದಿಲ್ಲ. ಕ್ರಮವಾಗಿ ಕರೆದ ಸಭೆಯಲ್ಲಿ ಅಲ್ಪ ಬಹುಮತದಿಂದ ಆದುದು ಠರಾವಾಗುವುದು.

ಇಂಗ್ಲೆಂಡಿನಲ್ಲಿ ಈ ಕ್ರಮಕ್ಕೆ ಆಧಾರವಾಗಿರುವುದು ಮುಖ್ಯವಾಗಿ ೧೯೭೨ರ ಸ್ಥಳೀಯ ಆಡಳಿತದ ಕಾನೂನು. ಸಭೆಗೆ ಐದು ಪೂರ್ಣ ದಿನಗಳ ಮುಂಚೆ ಸಾರ್ವಜನಿಕ ಪ್ರಕಟಣೆಯಾಗಬೇಕು. ಚರ್ಚಿಸತಕ್ಕ ವಿಷಯಗಳನ್ನು ಸದಸ್ಯರಿಗೆ ತಿಳಿಸಬೇಕು. ಒಟ್ಟು ಸದಸ್ಯರಲ್ಲಿ ನಾಲ್ಕನೆಯ ಒಂದು ಪಾಲಾದರೂ ಹಾಜರಿರಬೇಕು. ಹಾಜರಿದ್ದು ಮತ ಕೊಟ್ಟವರ ಬಹುಮತದಿಂದ ವಿಷಯವು ತೀರ್ಮಾನವಾಗುವುದು. ಮತಗಳು ಸಮನಾದರೆ ಅಧ್ಯಕ್ಷಸ್ಥಾನದಲ್ಲಿರುವವರಿಗೆ ಎರಡನೆಯ ಮತವುಂಟು. ನಡೆದುದನ್ನು ನಡವಳಿಯ ಪುಸ್ತಕದಲ್ಲಿ ಬರೆದು ಮುಂದೆ ಸಹಿಮಾಡಬೇಕು. ಇವುಗಳ ಜೊತೆಗೆ ಪ್ರತಿ ಸಭೆಯೂ ತನ್ನ ಸ್ಥಾಯೀ ನಿಯಮಗಳನ್ನು ಮಾಡಿಕೊಳ್ಳುವುದು. ಕಂತ್ರಾಟುಗಳ ವಿಷಯದಲ್ಲಂತೂ ಅಂತಹ ನಿಯಮಗಳನ್ನು ಮಾಡಲೇಬೇಕೆಂದು ಕಾನೂನು ವಿಧಿಸಿದೆ. ಟೆಂಡರುಗಳಲ್ಲಿ ಸ್ಪರ್ಧೆಯಿರಬೇಕೆಂಬುದು ಅದರ ಉದ್ದೇಶ.

ವರ್ಷದ ಆಯವ್ಯಯದ ನಿರ್ಣಯವು ಇವೆಲ್ಲವುಗಳಲ್ಲಿ ಪ್ರಧಾನವಾದುದು. ಇಂಗ್ಲೆಂಡಿನ ಸ್ಥಳೀಯ ಸಂಸ್ಥೆಗಳ ಹಣಕಾಸಿನ ವರ್ಷವು ಏಪ್ರಿಲ್ ೧ಕ್ಕೆ ಮೊದಲಾಗುವುದು. ಅದಕ್ಕೆ ಮುಂಚೆ, ಮಾರ್ಚ್ ೧೧ರೊಳಗಾಗಿ, ಬರೋ ಸಭೆಯು ಬರುವ ವರ್ಷದ ವೆಚ್ಚವನ್ನೂ ಇತರ ಆದಾಯವನ್ನೂ ಲೆಕ್ಕಹಾಕಿ, ಉಳಿದ ಕೊರತೆಯನ್ನು ನಿವಾಸಿಗಳ ಮೇಲೆ ಕೌನ್ಸಿಲ್ ತೆರಿಗೆಯಾಗಿ ಹಂಚಬೇಕು. ದಿನನಿತ್ಯದ ವೆಚ್ಚಕ್ಕಾಗಿ ಸಾಲಮಾಡಿ ಕೊರತೆಯನ್ನು ಮುಂದಿನ ವರ್ಷಕ್ಕೆ ದೂಡುವ ಮಾರ್ಗವು ರಾಜ್ಯದ ಬೊಕ್ಕಸಕ್ಕುಂಟು. ಬರೋವಿನ ಬೊಕ್ಕಸಕ್ಕೆ ಸಾಮಾನ್ಯವಾಗಿ ಇಲ್ಲ. ಇಂದು ಬಹುಪಾಲು ಬರೋಗಳಲ್ಲಿ ಮುಖಂಡನೂ ಅವನ ಮಂತ್ರಿಮಂಡಲದಂತಹ ಕಾರ್ಯಕಾರಿ ಸಮಿತಿಯೂ ನಿತ್ಯದ ಆಡಳಿತವನ್ನು ನಡೆಯಿಸುವರಾದರೂ, ಈ ಅಂದಾಜುಪತ್ರಿಕೆಯನ್ನು ಅಂಗೀಕರಿಸುವ ಹಕ್ಕು ಪೂರ್ಣಸಭೆಗೆ ಮಾತ್ರ ಸೇರಿದುದು. ೨೦೧೪ರಿಂದ ಈ ಸಂದರ್ಭದಲ್ಲಿ ಯಾರು ಯಾವ ಪಕ್ಷಕ್ಕೆ ಮತ ಕೊಟ್ಟರೆಂಬುದನ್ನು ಹೆಸರು ಹೆಸರಾಗಿ ಬರೆದಿಡಬೇಕು. ಎರಡು ತಿಂಗಳಾದರೂ ತನ್ನ ತೆರಿಗೆಯನ್ನು ಬಾಕಿಯುಳಿಸಿಕೊಂಡ ಸದಸ್ಯನು ಅದನ್ನು ಸಭೆಯಲ್ಲಿ ತಿಳಿಸಬೇಕು. ತೆರಿಗೆಯ ವಿಷಯದಲ್ಲಿ ಅವನು ಮತ ಕೊಡಕೂಡದು.

ಇಲ್ಲಿ ಅಧಿಕಾರಿಯ ಪಾತ್ರವೂ ಗಮನಾರ್ಹವಾದುದು. ಅಂದಾಜುಗಳು ನಂಬತಕ್ಕವೇ, ಕಾಯ್ದಿಟ್ಟ ನಿಧಿಯು ಸಾಕಷ್ಟಿದೆಯೇ ಎಂಬುದನ್ನು ಮುಖ್ಯ ಹಣಕಾಸಿನ ಅಧಿಕಾರಿಯು ಬರೆದು ತಿಳಿಸಬೇಕು. ಸಭೆಯು ಆ ಬರಹವನ್ನು ನೋಡಿಯೇ ತೀರ್ಮಾನಿಸಬೇಕು. ಖಜಾಂಚಿಯು ಸಭೆಯ ಆಳೆಂಬ ಭಾವನೆಯನ್ನು ನ್ಯಾಯಾಲಯವು ೧೯೦೬ರಲ್ಲಿಯೇ ಅಲ್ಲಗಳೆದಿತ್ತು. ವೇಲ್ಸಿನ ಟೆನ್‌ಬಿ ಎಂಬ ಬರೋವಿಗೆ ಸಂಬಂಧಿಸಿದ ಮೊಕದ್ದಮೆಯಲ್ಲಿ, ಸಭೆಯು ಅಪ್ಪಣೆಮಾಡಿತೆಂಬ ಕಾರಣದಿಂದ ಕಾನೂನಿಗೆ ವಿರುದ್ಧವಾದ ಹಣಪಾವತಿಯನ್ನು ಖಜಾಂಚಿಯು ಮಾಡಲಾಗದೆಂದೂ, ಅವನು ಊರಿನ ಜನರಿಗೇ ಹೊಣೆಯೆಂದೂ ತೀರ್ಮಾನವಾಯಿತು.

೪

ಈ ಕ್ರಮವೆಲ್ಲವೂ ಸರಿಯಾಗಿ ನಡೆದು, ನಿರ್ಣಯವು ಮಾತ್ರ ಕಾನೂನಿಗೆ ವಿರುದ್ಧವಾದರೆ ಏನಾಗುವುದು? ೧೯೨೧ರಲ್ಲಿ ಪೂರ್ವ ಲಂಡನ್ನಿನ ಪಾಪ್ಲರ್ ಬರೋ ಈ ಪ್ರಶ್ನೆಗೆ ಉದಾಹರಣೆಯಾಯಿತು.

ಪಾಪ್ಲರ್ ಹಡಗುಕಟ್ಟೆಗಳ ಕೂಲಿಗಾರರ ಊರು. ೧೯೧೯ರ ಚುನಾವಣೆಯಲ್ಲಿ ೪೨ ಸ್ಥಾನಗಳ ಪೈಕಿ ೩೯ನ್ನು ಕಾರ್ಮಿಕ ಪಕ್ಷವು ಗೆದ್ದುಕೊಂಡಿತು. ಜಾರ್ಜ್ ಲ್ಯಾನ್ಸ್‌ಬರಿಯವರು ಅದರ ಮುಂದಾಳು. ಯುದ್ಧಾನಂತರದಲ್ಲಿ ಹಡಗುಕಟ್ಟೆಯ ಕೆಲಸವು ಕುಗ್ಗಿ ನಿರುದ್ಯೋಗವು ಹೆಚ್ಚಿತು. ಬಡವರ ಪೋಷಣೆಯ ಬಹುಭಾಗವನ್ನು ಆಗ ಆಯಾ ಪ್ರದೇಶವೇ ಹೊರಬೇಕಾಗಿತ್ತು. ಅದಕ್ಕೆ ಬೇಕಾದ ಹಣವು ‘ರೇಟು’ ಎಂಬ ತೆರಿಗೆಯಿಂದ ಬರುತ್ತಿತ್ತು. ಮನೆ ಅಂಗಡಿಗಳ ವಾರ್ಷಿಕ ಬಾಡಿಗೆಯ ಬೆಲೆಯನ್ನು ಗೊತ್ತುಮಾಡಿ, ಪೌಂಡೊಂದಕ್ಕೆ ಇಷ್ಟು ಷಿಲ್ಲಿಂಗು ಪೆನ್ಸುಗಳೆಂದು ಅದನ್ನು ವಿಧಿಸುತ್ತಿದ್ದರು. ನಮ್ಮ ಕಡೆಯ ಮನೆಪಟ್ಟಿ ಅಥವಾ ಮನೆಕಂದಾಯವನ್ನು ಇದಕ್ಕೆ ಹೋಲಿಸಬಹುದು. ಬಡವರು ಹೆಚ್ಚಾಗಿರುವ ಊರಿನಲ್ಲಿ ಬಾಡಿಗೆಯು ಕಡಮೆ, ಆದುದರಿಂದ ಪೆನ್ನಿಯೊಂದರ ರೇಟಿನಿಂದ ಬರುವ ಹಣವೂ ಕಡಮೆ; ಆದರೆ ಪೋಷಿಸಬೇಕಾದವರು ಹೆಚ್ಚು. ಶ್ರೀಮಂತರ ವೆಸ್ಟ್‌ಮಿನ್‌ಸ್ಟರಿನಲ್ಲಿ ಇದಕ್ಕೆ ತದ್ವಿರುದ್ಧವಾದ ಸ್ಥಿತಿ. ಹೀಗೆ ಬಡವರನ್ನು ಸಾಕುವ ಭಾರವು ಬಡವರ ಮೇಲೆಯೇ ಅಧಿಕವಾಗಿ ಬೀಳುತ್ತಿತ್ತು.

ಇದರೊಡನೆ ಲಂಡನ್ ಕೌಂಟಿ ಸಭೆ, ಮಹಾನಗರದ ಪೋಲೀಸು, ಆಸ್ಪತ್ರೆಗಳ ಮಂಡಲಿ, ನೀರಿನ ಮಂಡಲಿ ಎಂಬ ನಾಲ್ಕು ಮೇಲಣ ಸಂಸ್ಥೆಗಳಿಗಾಗಿಯೂ ಬರೋ ಸಭೆಯು ತೆರಿಗೆಯೆತ್ತಿ ಕೊಡಬೇಕಾಗಿತ್ತು. ೧೯೨೧ರ ಮಾರ್ಚ್ ತಿಂಗಳಿನಲ್ಲಿ ಪಾಪ್ಲರ್ ಸಭೆಯು ಈ ನಾಲ್ಕರ ಪಾಲನ್ನು ಎತ್ತುವುದಿಲ್ಲವೆಂದು ನಿರ್ಣಯಿಸಿತು. ಬಡವರ ಪೋಷಣೆಯ ಭಾರವನ್ನು ಲಂಡನ್ನಿನ ಎಲ್ಲ ಬರೋಗಳ ಮೇಲೆ ಸಮನಾಗಿ ಹಂಚಬೇಕೆಂಬುದು ಅದರ ಬೇಡಿಕೆ. ಉಚ್ಚ ನ್ಯಾಯಾಲಯವು ತೆರಿಗೆಯನ್ನೆತ್ತಬೇಕೆಂದು ಅಪ್ಪಣೆಮಾಡಿತು; ಸದಸ್ಯರು ಒಪ್ಪಲಿಲ್ಲ. ಜುಲೈ ೨೯ರಂದು ಅವರು ಮೆರವಣಿಗೆಯಾಗಿ ನ್ಯಾಯಾಲಯಕ್ಕೆ ನಡೆದುಹೋದರು. ಸೆಪ್ಟೆಂಬರಿನ ಮೊದಲಲ್ಲಿ ಮೂವತ್ತು ಮಂದಿ ಸದಸ್ಯರು ನ್ಯಾಯಾಲಯದ ಆಜ್ಞೆಯನ್ನು ಮೀರಿದುದಕ್ಕಾಗಿ ಬಂಧಿತರಾದರು. ಪುರುಷರನ್ನು ಬ್ರಿಕ್ಸ್‌ಟನ್ ಸೆರೆಮನೆಯಲ್ಲಿಯೂ ಸ್ತ್ರೀಯರನ್ನು ಹಾಲೋವೆಯಲ್ಲಿಯೂ ಇರಿಸಲಾಯಿತು.

ಈ ಪ್ರಸಂಗದಲ್ಲಿ ವಿಶೇಷವಾಗಿ ಗಮನಿಸಬೇಕಾದುದೊಂದಿದೆ. ಕಾನೂನನ್ನು ಮೀರಿದ ಈ ಸದಸ್ಯರು ಸಭೆಯ ಕ್ರಮವನ್ನು ಮಾತ್ರ ಮೀರಲಿಲ್ಲ. ಸೆರೆಮನೆಯಲ್ಲಿಯೇ ಸಭೆ ಸೇರಲು ಅನುಮತಿ ಪಡೆದರು. ಹಾಲೋವೆಯಿಂದ ಸದಸ್ಯೆಯರನ್ನು ಬ್ರಿಕ್ಸ್‌ಟನ್ನಿಗೆ ಕರೆತರಲಾಗುತ್ತಿತ್ತು. ಬರೋವಿನ ಕಾರ್ಯಕಲಾಪಗಳು ಅಲ್ಲಿಯೇ ನಡೆದುವು. ತಾವು ಸಭೆಯೇ ಹೊರತು ಗುಂಪಲ್ಲವೆಂಬುದನ್ನು ತೋರಿಸಲು ಅವರಿಗೆ ಇದ್ದ ಸಾಧನವು ಆ ಕ್ರಮವೊಂದೇ. ಅಕ್ಟೋಬರ್ ೧೨ರಂದು ಅವರ ಬಿಡುಗಡೆಯಾಯಿತು. ಅದೇ ವರ್ಷ ಪಾರ್ಲಿಮೆಂಟು ಹೊಸ ಕಾನೂನೊಂದನ್ನು ಮಾಡಿ, ಬಡವರಿಗೆ ಅವರವರ ಮನೆಗಳಲ್ಲಿ ಕೊಡುವ ಸಹಾಯದ ವೆಚ್ಚವನ್ನು ಲಂಡನ್ನಿನ ಸಾಮಾನ್ಯ ನಿಧಿಗೆ ವರ್ಗಾಯಿಸಿತು. ಇದಕ್ಕೆ ತೆತ್ತ ಬೆಲೆಯೂ ಅಲ್ಪವಲ್ಲ. ಸೆರೆಯಿಂದ ಹೊರಬಂದ ಮಿನ್ನೀ ಲ್ಯಾನ್ಸ್‌ಬರಿಯವರು ೧೯೨೨ರ ಜನವರಿ ೧ರಂದು ಶ್ವಾಸಕೋಶದ ಜ್ವರದಿಂದ ಮೃತರಾದರು. ಆಗ ಅವರ ವಯಸ್ಸು ೩೨.

೫

ಪಾಪ್ಲರಿನ ಎರಡನೆಯ ವಿವಾದವು ಶಬ್ದಾರ್ಥವನ್ನು ಕುರಿತುದು. ಸಾಹಿತ್ಯವನ್ನು ಬೋಧಿಸುವವರಿಗೆ ಅದು ಹೆಚ್ಚು ಬೋಧಪ್ರದವಾದೀತು. ಈ ಸಭೆಯು ತನ್ನ ಕೆಲಸಗಾರರಿಗೆ ಗಂಡುಹೆಣ್ಣೆಂಬ ಭೇದವಿಲ್ಲದೆ ವಾರಕ್ಕೆ ೪ ಪೌಂಡುಗಳ ಕನಿಷ್ಠ ವೇತನವನ್ನು ಗೊತ್ತುಮಾಡಿತ್ತು. ಅನಂತರ ಪದಾರ್ಥಗಳ ಬೆಲೆಯು ಇಳಿಯಿತು, ಹೊರಗಿನ ಕೂಲಿಯೂ ಇಳಿಯಿತು. ಸಭೆಯು ವೇತನವನ್ನು ಇಳಿಸಲಿಲ್ಲ. ಜಿಲ್ಲಾ ಲೆಕ್ಕಪರಿಶೋಧಕರು ಈ ವೆಚ್ಚದಲ್ಲಿ ೫,೦೦೦ ಪೌಂಡುಗಳನ್ನು ಅಕ್ರಮವೆಂದು ತಳ್ಳಿಹಾಕಿ, ಅದನ್ನು ಹೊಣೆಗಾರರಾದ ಸದಸ್ಯರೇ ತಮ್ಮ ಕೈಯಿಂದ ತುಂಬಬೇಕೆಂದು ವಿಧಿಸಿದರು. ಇದಕ್ಕೆ ‘ಸರ್‌ಚಾರ್ಜು’ ಎಂದು ಹೆಸರು. ೧೮೭೫ರ ಸಾರ್ವಜನಿಕ ಆರೋಗ್ಯದ ಕಾನೂನು, ನ್ಯಾಯವಿರುದ್ಧವಾದ ವೆಚ್ಚವನ್ನು ಹೀಗೆ ವಸೂಲುಮಾಡುವ ಅಧಿಕಾರವನ್ನು ಪರಿಶೋಧಕರಿಗೆ ಕೊಟ್ಟಿತ್ತು.

ಸದಸ್ಯರ ಸಮಾಧಾನವು ಸರಳವಾಗಿತ್ತು. ಲಂಡನ್ನಿನ ಆಡಳಿತಕ್ಕೆ ಸಂಬಂಧಿಸಿದ ೧೮೫೫ರ ಕಾನೂನಿನಲ್ಲಿ, ಸಂಸ್ಥೆಯು ತನ್ನ ನೌಕರರಿಗೆ ತನಗೆ ತಕ್ಕುದೆಂದು ಕಂಡಷ್ಟು ವೇತನವನ್ನು ಕೊಡಬಹುದು ಎಂಬರ್ಥದ ಮಾತಿದೆ. ತಮಗೆ ೪ ಪೌಂಡು ತಕ್ಕುದೆಂದು ಕಂಡಿತು. ಅದಕ್ಕೆ ಮತದಾರರ ಬೆಂಬಲವೂ ಇದೆ. ಪರಿಶೋಧಕರಿಗೆ ಹೆಚ್ಚೆಂದು ತೋರಿದ ಮಾತ್ರಕ್ಕೆ ಅಕ್ರಮವಾಗುವುದು ಹೇಗೆ? ಅಪೀಲು ನ್ಯಾಯಾಲಯವು ಸದಸ್ಯರ ಪಕ್ಷವನ್ನು ಹಿಡಿಯಿತು. ಆದರೆ ೧೯೨೫ರಲ್ಲಿ ಪ್ರಭುಗಳ ಸಭೆಯು ಪರಿಶೋಧಕರ ಪರವಾಗಿ ತೀರ್ಪುಕೊಟ್ಟಿತು.

‘ತಕ್ಕುದೆಂದು ಕಂಡಷ್ಟು’ ಎಂಬಲ್ಲಿ ‘ಕಂಡಷ್ಟು’ ಎಂಬುದಕ್ಕೆ ಪ್ರಾಧಾನ್ಯವನ್ನು ಕೊಟ್ಟರೆ ಅಧಿಕಾರವು ಕಾಣುವವನ ಇಚ್ಛೆಗೆ ಸೇರುವುದು. ‘ತಕ್ಕುದು’ ಎಂಬುದಕ್ಕೆ ಕೊಟ್ಟರೆ ಯೋಗ್ಯಾಯೋಗ್ಯವಿಚಾರಕ್ಕೆ ಸೇರುವುದು. ಪ್ರಭುಗಳು ಎರಡನೆಯ ಅರ್ಥವನ್ನೇ ಹಿಡಿದರು. ವಿವೇಚನಾಧಿಕಾರವು ಪ್ರಾಮಾಣಿಕವಾಗಿದ್ದರೆ ಸಾಲದು, ಯುಕ್ತವಾಗಿಯೂ ಇರಬೇಕು. ಕೆಲಸದ ಬೆಲೆಯನ್ನೂ ಜೀವನದ ವೆಚ್ಚವನ್ನೂ ಪರಿಗಣಿಸದೆ ಗೊತ್ತುಪಡಿಸಿದ ಮೊತ್ತದಲ್ಲಿ ಒಂದು ಭಾಗವು ವೇತನವಲ್ಲ, ಪರರ ದ್ರವ್ಯದಿಂದ ಮಾಡಿದ ದಾನ ಎಂಬುದು ತೀರ್ಪಿನ ಸಾರಾಂಶ. ಧರ್ಮದರ್ಶಿಯ ಭಾವನೆಯು ಹೀಗೆ ಪ್ರತಿನಿಧಿಯ ಭಾವನೆಯನ್ನು ಗೆದ್ದಿತು.

ಆದರೆ ಯುಕ್ತವೆಂಬುದನ್ನು ಅಳೆಯುವ ಕೋಲು ಯಾರ ಕೈಯಲ್ಲಿರಬೇಕು? ಲಾರ್ಡ್ ಅಟ್ಕಿನ್ಸನ್ನರು ತಮ್ಮ ಅಭಿಪ್ರಾಯದಲ್ಲಿ ಸದಸ್ಯರ ಸಮಾಜವಾದವನ್ನೂ, ಸ್ತ್ರೀಯರಿಗೆ ಪುರುಷರಷ್ಟೇ ವೇತನವಿರಬೇಕೆಂಬ ಅವರ ಅಭಿಲಾಷೆಯನ್ನೂ ದೋಷವೆಂದೇ ಎಣಿಸಿದರು. ಸಮಾನ ಕೆಲಸಕ್ಕೆ ಸಮಾನ ವೇತನವನ್ನು ಬ್ರಿಟನ್ನಿನ ಪಾರ್ಲಿಮೆಂಟು ೧೯೭೦ರಲ್ಲಿ ಕಾನೂನಾಗಿಯೇ ಮಾಡಿತು. ಒಂದು ತಲೆಮಾರಿನ ನ್ಯಾಯಾಧೀಶರಿಗೆ ಅಯುಕ್ತವೆಂದು ಕಂಡುದು ಮತ್ತೊಂದು ತಲೆಮಾರಿಗೆ ಕರ್ತವ್ಯವಾಯಿತು. ಆದಕಾರಣ ೧೯೨೫ರ ತೀರ್ಪಿನಲ್ಲಿ ಎರಡು ಅಂಶಗಳನ್ನು ಬೇರ್ಪಡಿಸಿ ನೋಡಬೇಕು. ವೆಚ್ಚಕ್ಕೆ ಕಾರಣವನ್ನು ಕೊಡಬೇಕೆಂಬುದು ಒಂದು. ಆ ಕಾರಣವು ನ್ಯಾಯಾಧೀಶರ ಸಾಮಾಜಿಕ ಅಭಿಪ್ರಾಯಕ್ಕೆ ಹೊಂದಬೇಕೆಂಬುದು ಮತ್ತೊಂದು. ಮೊದಲನೆಯದು ಸರ್ವಕಾಲಕ್ಕೂ ಸಲ್ಲುವುದು. ಎರಡನೆಯದು ಆ ಕಾಲದ ಕುರುಹು.

೬

ಈ ತತ್ತ್ವದ ಮುಂದಿನ ಚರಿತ್ರೆಯನ್ನು ಸಂಗ್ರಹವಾಗಿ ಹೇಳಬಹುದು. ೧೯೨೭ರ ಕಾನೂನು, ೫೦೦ ಪೌಂಡಿಗೆ ಮೀರಿದ ಸರ್‌ಚಾರ್ಜಿಗೆ ಗುರಿಯಾದ ಸದಸ್ಯನನ್ನು ಐದು ವರ್ಷಗಳ ಕಾಲ ಅನರ್ಹನನ್ನಾಗಿ ಮಾಡಿತು. ೧೯೮೧ರಲ್ಲಿ ಪಾಪ್ಲರಿನ ಪ್ರಸಂಗವು ತಿರುಗುಮುರುಗಾಗಿ ಕಾಣಿಸಿಕೊಂಡಿತು. ಬೃಹತ್ ಲಂಡನ್ ಸಭೆಯು ಬಸ್ಸು ರೈಲುಗಳ ದರವನ್ನು ಇಳಿಸಿ, ಅದರಿಂದಾದ ಕೊರತೆಯನ್ನು ಬರೋಗಳು ತುಂಬಬೇಕೆಂದು ವಿಧಿಸಿತು. ಬ್ರಾಮ್ಲಿ ಬರೋ ಸಭೆಯು ಇದನ್ನು ಪ್ರತಿಭಟಿಸಿತು. ಪಾಪ್ಲರಿನಂತೆ ಸೆರೆಮನೆಗಲ್ಲ, ನ್ಯಾಯಾಲಯಕ್ಕೆ ತಾನೇ ಹೋಗಿ ಗೆದ್ದಿತು. ಜನರ ಮುಂದಿಟ್ಟು ಮತ ಪಡೆದ ವಾಗ್ದಾನವಾದರೂ ಸಭೆಯನ್ನು ತೆರಿಗೆದಾರರ ವಿಷಯದಲ್ಲಿರುವ ಹೊಣೆಯಿಂದ ಬಿಡಿಸಲಾರದೆಂದು ಪ್ರಭುಗಳು ಪುನಃ ಹೇಳಿದರು. ೧೯೮೫ರಲ್ಲಿ ಲ್ಯಾಂಬೆತ್ ಬರೋವಿನ ಸದಸ್ಯರು ಸರ್ಕಾರದ ನಿರ್ಬಂಧವನ್ನು ವಿರೋಧಿಸಿ ರೇಟನ್ನು ಗೊತ್ತುಮಾಡುವುದನ್ನೇ ತಡಮಾಡಿದರು. ಅವರೂ ಸರ್‌ಚಾರ್ಜಿಗೂ ಅನರ್ಹತೆಗೂ ಗುರಿಯಾದರು.

೨೦೦೦ದ ಸ್ಥಳೀಯ ಆಡಳಿತದ ಕಾನೂನು ಸರ್‌ಚಾರ್ಜಿನ ಪದ್ಧತಿಯನ್ನು ತೆಗೆದುಹಾಕಿತು. ಈಗ ವೆಚ್ಚವು ಅಕ್ರಮವೆಂದು ತೋರಿದರೆ ಪರಿಶೋಧಕರು ನ್ಯಾಯಾಲಯದಿಂದ ಆ ಬಗೆಯ ಘೋಷಣೆಯನ್ನು ಕೇಳಬಹುದು, ಜನರ ತಿಳಿವಳಿಕೆಗಾಗಿ ವರದಿಯನ್ನು ಪ್ರಕಟಿಸಬಹುದು. ಶಿಕ್ಷೆಯ ಭಾರವು ಕಡಮೆಯಾದಂತೆ ಮುನ್ನೆಚ್ಚರಿಕೆಯ ಭಾರವು ಹೆಚ್ಚಿತು. ೧೯೮೮ರ ಕಾನೂನಿನ ೧೧೪ನೆಯ ವಿಧಿಯ ಪ್ರಕಾರ, ವರ್ಷದ ವೆಚ್ಚವು ದೊರೆಯುವ ಹಣವನ್ನು ಮೀರುವಂತಿದ್ದರೆ ಹಣಕಾಸಿನ ಅಧಿಕಾರಿಯು ವರದಿ ಮಾಡಲೇಬೇಕು. ಸಭೆಯು ೨೧ ದಿನಗಳೊಳಗೆ ಸೇರಿ ಅದನ್ನು ವಿಚಾರಿಸಬೇಕು. ಅಲ್ಲಿಯವರೆಗೆ ಹೊಸ ವೆಚ್ಚಕ್ಕೆ ಒಪ್ಪಂದಮಾಡಿಕೊಳ್ಳುವಂತಿಲ್ಲ. ೨೦೨೦ರಲ್ಲಿ ಕ್ರಾಯ್ಡನ್ ಬರೋವಿನಲ್ಲಿಯೂ ೨೦೨೩ರಲ್ಲಿ ವೋಕಿಂಗ್ ಬರೋವಿನಲ್ಲಿಯೂ ಈ ವರದಿಗಳಾದುವು. ಕ್ರಮವು ಇಲ್ಲದಿದ್ದುದರಿಂದಲ್ಲ, ಕ್ರಮವಿದ್ದೂ ಪ್ರಶ್ನಿಸುವವರು ಸಾಕಷ್ಟು ಪ್ರಶ್ನಿಸದಿದ್ದರೆ ಅಂಕಿಗಳು ಸುಳ್ಳಾಗಬಹುದೆಂಬುದಕ್ಕೆ ಇವು ನಿದರ್ಶನಗಳು.

೭

ಈ ವಿಷಯವು ಕನ್ನಡಿಗರಿಗೆ ಸರ್ವಥಾ ಪರದೇಶದ್ದಲ್ಲ. ೧೮೮೨ರಲ್ಲಿ ಲಾರ್ಡ್ ರಿಪ್ಪನ್ನರ ನಿರ್ಣಯದಿಂದ ಈ ದೇಶದ ಸ್ಥಳೀಯ ಸಂಸ್ಥೆಗಳಲ್ಲಿ ಚುನಾಯಿತ ಸದಸ್ಯರಿಗೆ ಪ್ರಾಶಸ್ತ್ಯವು ದೊರೆಯಿತು. ಪಾಪ್ಲರಿನ ತೀರ್ಪಾದ ೧೯೨೫ನೆಯ ಇಸವಿಯಲ್ಲಿಯೇ ಮುಂಬಯಿಯ ಮುನಿಸಿಪಲ್ ಬರೋಗಳ ಕಾನೂನು ಬಂದಿತು. ಹುಬ್ಬಳ್ಳಿ, ಧಾರವಾಡ, ಬೆಳಗಾವಿ, ಗದಗ-ಬೆಟಗೇರಿಗಳು ಈ ಕಾನೂನಿನ ಆಡಳಿತದಲ್ಲಿ ‘ಬರೋ’ಗಳಾಗಿದ್ದುವು. ಸಾಕ್ಸನ್ ಕೋಟೆಯ ಹೆಸರು ಹೀಗೆ ಮಲಪ್ರಭೆಯ ಸೀಮೆಗೆ ಬಂದು ನಾಲ್ಕು ದಶಕಗಳ ಮಟ್ಟಿಗೆ ನೆಲೆಸಿತು. ೧೯೬೪ರ ಮೈಸೂರು ಮುನಿಸಿಪಾಲಿಟಿಗಳ ಕಾನೂನು ಬಂದ ಮೇಲೆ ಆ ಹೆಸರು ಅಳಿಯಿತು. ಠರಾವು, ನಡವಳಿ, ಅಂದಾಜುಪತ್ರಿಕೆ, ಲೆಕ್ಕಪರಿಶೋಧನೆ ಎಂಬ ಕ್ರಮವು ಉಳಿಯಿತು.

ಮೊದಲಲ್ಲಿ ಎತ್ತಿದ ಪ್ರಶ್ನೆಗೆ ಇಷ್ಟರಿಂದ ದೊರೆಯುವ ಉತ್ತರವಿದು. ಬರೋ ಸಭೆಯ ಸದಸ್ಯನು ಯಜಮಾನನೂ ಅಲ್ಲ, ಕೇವಲ ಧರ್ಮದರ್ಶಿಯೂ ಅಲ್ಲ. ಧರ್ಮದರ್ಶಿಗೆ ತನ್ನ ನ್ಯಾಸದ ಉದ್ದೇಶವನ್ನು ಬದಲಿಸುವ ಹಕ್ಕಿಲ್ಲ; ಸದಸ್ಯನಾದರೋ ಊರಿಗೆ ಯಾವುದು ಹಿತವೆಂಬುದನ್ನು ಹೊಸದಾಗಿ ವಿಚಾರಿಸಲಿಕ್ಕೇ ಆರಿಸಲ್ಪಟ್ಟವನು. ಅವನ ವಿಚಾರವು ಬಹಿರಂಗವಾಗಿರಬೇಕು, ಕಾರಣಸಹಿತವಾಗಿರಬೇಕು, ಬರಹದಲ್ಲಿರಬೇಕು. ಪಾಪ್ಲರಿನ ೪ ಪೌಂಡಿನ ವಿವಾದದಲ್ಲಿ ಸದಸ್ಯರ ಪಕ್ಷವು ದುರ್ಬಲವಾದುದು ಅವರ ಉದ್ದೇಶವು ಕ್ಷುದ್ರವಾದುದರಿಂದಲ್ಲ, ಬೆಲೆಗಳು ಇಳಿದ ಮೇಲೂ ಅದೇ ಮೊತ್ತವನ್ನು ಏಕೆ ಉಳಿಸಿಕೊಂಡರೆಂಬುದಕ್ಕೆ ನ್ಯಾಯಾಲಯವನ್ನು ಒಪ್ಪಿಸುವ ವಿಚಾರಣೆಯ ದಾಖಲೆಯು ಅವರಲ್ಲಿ ಇಲ್ಲದುದರಿಂದ. ಇಂಗ್ಲೆಂಡಿನಲ್ಲಿ ಈಗಲೂ ವರ್ಷಕ್ಕೊಮ್ಮೆ ೩೦ ಕೆಲಸದ ದಿನಗಳ ಕಾಲ ಬರೋವಿನ ಲೆಕ್ಕಪುಸ್ತಕಗಳನ್ನು ತೆರೆದಿಡಬೇಕು. ಆ ಊರಿನ ಯಾವ ಮತದಾರನಾದರೂ ಬಂದು ನೋಡಬಹುದು, ಪ್ರಶ್ನಿಸಬಹುದು, ಪರಿಶೋಧಕರಲ್ಲಿ ಆಕ್ಷೇಪಣೆಯನ್ನು ಸಲ್ಲಿಸಬಹುದು. ಸಭೆಯ ಬಾಗಿಲಲ್ಲಿ ಮೊದಲಾದ ನಿರ್ಣಯವು ಹೀಗೆ ಹಣವನ್ನು ಕೊಟ್ಟವನ ಕಣ್ಣೆದುರಿನಲ್ಲಿ ಮುಗಿಯುವುದು.